ಜ್ವಾಲಾಪುರದ ಬೂದಿ

ಬಂಗನಪಲ್ಲಿ ಎಂದ ಕೂಡಲೇ ನಮಗೆ ನೆನಪಾಗುವುದು ಮಾವಿನ ಹಣ್ಣು. ಬೇಸಿಗೆ ಬಂತೆಂದರೆ ಆದೋನಿ, ರಾಯದುರ್ಗ, ಬಳ್ಳಾರಿಯ ಸಂತೆಗಳಲ್ಲೆಲ್ಲ ಆ ಊರಿನ ಹೆಸರು ಹೊತ್ತ ಹಣ್ಣಿನದೇ ರಾಶಿ. ಅದೇ ಬಂಗನಪಲ್ಲಿಯ ಮಗ್ಗುಲಲ್ಲಿ, ಜುರ್ರೇರು ಎಂಬ ಹೊಳೆಯ ಕಣಿವೆಯಲ್ಲಿ, ಜ್ವಾಲಾಪುರಂ ಎಂಬ ಪುಟ್ಟ ಹಳ್ಳಿಯಿದೆ. ಆದಿಮಾನವನ ಚರಿತ್ರೆಯನ್ನು ಅಭ್ಯಾಸ ಮಾಡುವ ದೇಶವಿದೇಶಗಳ ವಿದ್ವಾಂಸರಿಗೆ ಈ ಹಳ್ಳಿಯ ಹೆಸರು ಚೆನ್ನಾಗಿ ಗೊತ್ತು. ಅರ್ಧ ದಿನದ ಹಾದಿಯಲ್ಲಿರುವ ನಮಗೆ ಮಾತ್ರ ಅಷ್ಟಾಗಿ ಗೊತ್ತಿಲ್ಲ.

ಸಂಕ್ರಾಂತಿಯ ರಜೆಯಲ್ಲಿ ನಮ್ಮ ಧರ್ಮಕೇಂದ್ರದ ನಾಲ್ಕೈದು ಕುಟುಂಬಗಳವರು ಗುರುಗಳನ್ನೂ ಕರೆದುಕೊಂಡು ಆ ಕಡೆ ಹೋಗಿ ಬಂದೆವು. ವೇಳಾಂಗಣ್ಣಿಗೋ ಗುಣದಲಕ್ಕೋ ಯಾತ್ರೆ ಹೋಗುವುದು ನಮಗೆ ರೂಢಿ. ಹಳೆಯ ಕಲ್ಲು ನೋಡಲು ಹೊರಡುವುದು ಹೊಸದು. ಆದರೂ ಅಲ್ಲಿ ಕಂಡದ್ದನ್ನೂ ತಿಳಿದದ್ದನ್ನೂ ಓದುಗ ಬಾಂಧವರೊಂದಿಗೆ ಹಂಚಿಕೊಳ್ಳಬೇಕೆನಿಸಿತು. ಮಕ್ಕಳಿರುವ ಮನೆಗಳವರಂತೂ ಒಮ್ಮೆ ಓದಲೇಬೇಕು.

ಕಡಪ ಕಲ್ಲಿನ ಸೀಮೆ

ಆದೋನಿಯಲ್ಲಿ ಬೆಳಗಿನ ರೈಲು ಹತ್ತಿ ಗುಂತಕಲ್ಲಿನಲ್ಲಿ ಇಳಿದು, ನಂದ್ಯಾಲದ ಕಡೆಗೆ ಹೋಗುವ ಗಾಡಿ ಹಿಡಿಯಬೇಕು. ದಾರಿಯಲ್ಲಿ ಡೋನ್, ಅಂದರೆ ಹಳಬರು ದ್ರೋಣಾಚಲ ಎನ್ನುವ ಊರು ಬರುತ್ತದೆ. ಅಲ್ಲಿಯವರೆಗೆ ನಮ್ಮ ಕಡೆಯ ಹಾಗೆಯೇ ಬಯಲು, ಅಲ್ಲಲ್ಲಿ ಬಂಡೆಗುಡ್ಡ. ಡೋನ್ ದಾಟಿದ ಮೇಲೆ ನೆಲದ ಬಣ್ಣವೇ ಬೇರೆ. ಹಳಿಯ ಎರಡೂ ಬದಿಗೆ ಪುಸ್ತಕ ಜೋಡಿಸಿಟ್ಟಂತೆ ಪದರ ಪದರವಾದ ಸುಣ್ಣಕಲ್ಲು. ಬೇತಂಚೆರ್ಲದಲ್ಲಿ ಇಳಿದರೆ ಊರ ತುಂಬ ಚಪ್ಪಡಿ ಕೊಯ್ಯುವ, ಹೊಳಪು ಕೊಡುವ ಕಾರ್ಖಾನೆಗಳು. ತೆಲುಗಿನವರು ನಾಪರಾಯಿ ಎನ್ನುವ ಈ ಕಲ್ಲು ನಮ್ಮ ಎಷ್ಟೋ ಮನೆಗಳ ನೆಲದಲ್ಲಿದೆ. ಅಡುಗೆ ಮನೆಯ ಕಟ್ಟೆಗೆ ನಾವು ಹಾಕಿಸುವ ಕಡಪ ಕಲ್ಲೂ ಇದರ ಬಂಧುವೇ.

ಸುಣ್ಣಕಲ್ಲಿಗೆ ಒಂದು ಗುಣವಿದೆ. ಮಳೆಯ ನೀರು ಬಿರುಕಿನೊಳಗೆ ಇಳಿದಂತೆಲ್ಲ ಅದು ಸ್ವಲ್ಪ ಸ್ವಲ್ಪವೇ ಕರಗುತ್ತದೆ. ಲಕ್ಷಾಂತರ ವರ್ಷ ಹೀಗೆ ಕರಗಿದರೆ ಗುಡ್ಡದ ಹೊಟ್ಟೆಯಲ್ಲಿ ಗವಿಗಳಾಗುತ್ತವೆ. ಪ್ರವಾಸಿಗರು ಸಾಲುಗಟ್ಟಿ ಹೋಗುವ ಬೇಲಂ ಗವಿ ಆಗಿರುವುದೂ ಹೀಗೆಯೇ. ಸುಣ್ಣದ ಅಂಶವಿರುವ ಮಣ್ಣಿನಲ್ಲಿ ಹೂತ ಎಲುಬು ಬೇಗ ಕೊಳೆಯುವುದಿಲ್ಲ. ಆದ್ದರಿಂದ ಹಳೆಯ ಜೀವಿಗಳ ಗುರುತು ಹುಡುಕುವವರಿಗೆ ಇಂಥ ಗವಿಗಳು ಉಗ್ರಾಣವಿದ್ದಂತೆ.

ಪ್ರಧಾನಾಲಯವೆಂಬ ಗವಿ

ಬೇತಂಚೆರ್ಲದಲ್ಲಿ ಒಂದು ಟೆಂಪೊ ಗೊತ್ತು ಮಾಡಿಕೊಂಡು ಮೊದಲು ಹೋದದ್ದು ಬಿಲ್ಲಸುರ್ಗಂ ಗವಿಗಳಿಗೆ. ಬಿಲ, ಸುರಂಗ ಎಂಬ ಎರಡು ಮಾತುಗಳೂ ಆ ಹೆಸರಿನಲ್ಲಿ ಕೇಳಿಸುತ್ತವೆ. ಬೇಲಂನಲ್ಲಿರುವಂತೆ ಇಲ್ಲಿ ಟಿಕೆಟ್ಟು, ದೀಪ, ಮೆಟ್ಟಿಲು ಯಾವುದನ್ನೂ ನಾವು ಕಾಣಲಿಲ್ಲ. ಮುಳ್ಳುಕಂಟಿಯ ನಡುವೆ ಕಾಲುದಾರಿ. ನಡೆದು ಹೋದರೆ ಒಮ್ಮೆಲೇ ನೆಲ ಬಾಯಿ ತೆರೆದಂತೆ ಆಳವಾದ ಕೊರಕಲು. ಹಿಂದೊಮ್ಮೆ ಮೇಲ್ಛಾವಣಿ ಕುಸಿದು ಬಿದ್ದು, ಅಲ್ಲಲ್ಲಿ ಕಮಾನು ಮಾತ್ರ ಉಳಿದಿದೆ. ಕೆಳಗೆ ಇಳಿದು ತಲೆಯೆತ್ತಿದರೆ ಕಮಾನಿನ ಎತ್ತರಕ್ಕೆ ಕತ್ತು ನೋಯುತ್ತದೆ.

ಈ ಗವಿಗಳಲ್ಲಿ ಹಳೆಯ ಎಲುಬುಗಳಿವೆ ಎಂದು 1844ರಲ್ಲಿ ಮೊದಲು ಬರೆದವರು ಮದರಾಸು ಸೈನ್ಯದ ಕ್ಯಾಪ್ಟನ್ ನ್ಯೂಬೋಲ್ಡ್. ಮುಂದೆ 1884ರ ಸುಮಾರಿಗೆ ಬಂದವರು ರಾಬರ್ಟ್ ಬ್ರೂಸ್ ಫುಟ್. ಇವರ ಹೆಸರನ್ನು ನಮ್ಮ ಬಳ್ಳಾರಿ ಸೀಮೆಯವರು ಮರೆಯಬಾರದು. ಇಂಗ್ಲೆಂಡಿನಲ್ಲಿ 1834ರಲ್ಲಿ ಹುಟ್ಟಿ, 1858ರಲ್ಲಿ ಭಾರತದ ಭೂವಿಜ್ಞಾನ ಸರ್ವೇಕ್ಷಣೆಗೆ ಸೇರಿದ ಫುಟ್, 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ ಒಂದು ಕಲ್ಲಿನ ಆಯುಧವನ್ನು ಹೆಕ್ಕಿದರು. ಬರಹವೂ ಲೋಹವೂ ಇಲ್ಲದ ಕಾಲದಲ್ಲಿಯೇ ನಮ್ಮ ದೇಶದಲ್ಲಿ ಮನುಷ್ಯರಿದ್ದರೆಂದು ಲೋಕಕ್ಕೆ ತೋರಿಸಿದ್ದು ಆ ಕಲ್ಲು. ಬಳ್ಳಾರಿ, ಕರ್ನೂಲು, ರಾಯಚೂರು ಸೀಮೆಯ ಗುಡ್ಡಗಳನ್ನೆಲ್ಲ ಸುತ್ತಿ ಅವರು ಕೂಡಿಸಿದ ಸಾವಿರಾರು ವಸ್ತುಗಳು ಇಂದು ಚೆನ್ನೈನ ಸರ್ಕಾರಿ ವಸ್ತು ಸಂಗ್ರಹಾಲಯದಲ್ಲಿವೆ. 1912ರಲ್ಲಿ ತೀರಿಕೊಂಡ ಅವರ ಚಿತಾಭಸ್ಮವನ್ನು ಏರ್ಕಾಡಿನ ಹೋಲಿ ಟ್ರಿನಿಟಿ ದೇವಾಲಯದ ಅಂಗಳದಲ್ಲಿ ಇರಿಸಿದ್ದಾರೆ.

ಬಿಲ್ಲಸುರ್ಗಂ ಗವಿಗಳಲ್ಲಿ ಅಗೆತ ನಡೆಸಿದವರು ಫುಟ್ ಮತ್ತು ಅವರ ಮಗ ಹೆನ್ರಿ. ಗವಿಗಳಿಗೆ ಅವರಿಟ್ಟ ಹೆಸರು ಕೇಳಿ ನಮ್ಮ ಗುಂಪಿನ ತಾಯಂದಿರು ನಕ್ಕೇ ನಕ್ಕರು. ಎತ್ತರದ ಕಮಾನಿರುವುದಕ್ಕೆ ಕಥೀಡ್ರಲ್, ಅಂದರೆ ಪ್ರಧಾನಾಲಯ. ಎಲುಬು ತುಂಬಿದ್ದಕ್ಕೆ ಚಾರ್ನೆಲ್ ಹೌಸ್, ಅಂದರೆ ಎಲುಬು ಮನೆ. ಇನ್ನೊಂದಕ್ಕೆ ಪರ್ಗೆಟರಿ, ನಮ್ಮ ಮಾತಿನಲ್ಲಿ ಉತ್ತರಿಸುವ ಸ್ಥಳ! "ಬದುಕಿರುವಾಗಲೇ ಉತ್ತರಿಸುವ ಸ್ಥಳ ನೋಡಿದ ಹಾಗಾಯಿತಲ್ಲ ಫಾದರ್" ಎಂದು ಒಬ್ಬ ಅಜ್ಜಿ ಹೇಳಿದಾಗ ಗುರುಗಳೂ ನಕ್ಕರು.

ಅಲ್ಲಿ ಸಿಕ್ಕ ಎಲುಬುಗಳಲ್ಲಿ ಖಡ್ಗಮೃಗದ್ದೂ ಇತ್ತು. ಅದನ್ನು ಪರೀಕ್ಷಿಸಿದ ಲೈಡೆಕರ್ ಎಂಬ ವಿದ್ವಾಂಸರು ಕರ್ನೂಲಿನ ಹೆಸರನ್ನೇ ಅದಕ್ಕೆ ಸೇರಿಸಿ 'ರೈನೋಸರಸ್ ಕರ್ನೂಲಿಯೆನ್ಸಿಸ್' ಎಂದು ಕರೆದರು. ಇಂದು ಖಡ್ಗಮೃಗ ನೋಡಬೇಕೆಂದರೆ ಅಸ್ಸಾಮಿನ ಕಡೆ ಹೋಗಬೇಕು. ಒಂದು ಕಾಲಕ್ಕೆ ಅದು ಬೇತಂಚೆರ್ಲದ ಗುಡ್ಡದಲ್ಲಿ ಮೇಯುತ್ತಿತ್ತು.

ನೂರು ವರ್ಷಗಳ ಮೇಲೆ ವಿಜ್ಞಾನಿಗಳು ಇಲ್ಲಿಗೆ ಮತ್ತೆ ಬಂದು, ಹೊಸ ವಿಧಾನಗಳಿಂದ ಪದರ ಪದರವಾಗಿ ಕಾಲ ಗೊತ್ತುಮಾಡಿದರು. 2014ರಲ್ಲಿ ಪ್ರಕಟವಾದ ಅವರ ವರದಿ ಒಂದು ಆಶ್ಚರ್ಯದ ಸಂಗತಿ ಹೇಳುತ್ತದೆ. ಗುರುತಿಸಿದ 21 ಬಗೆಯ ಸಸ್ತನಿ ಪ್ರಾಣಿಗಳಲ್ಲಿ 20 ಬಗೆ, ಕನಿಷ್ಠ ಒಂದು ಲಕ್ಷ ವರ್ಷಗಳಿಂದ ಇಂದಿನವರೆಗೂ ನಮ್ಮ ಉಪಖಂಡದಲ್ಲಿ ಉಳಿದುಕೊಂಡಿವೆ. ಕೆಲವು ಜಾಗ ಬದಲಿಸಿವೆ, ಅಷ್ಟೆ. ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಇದೇ ಅವಧಿಯಲ್ಲಿ ಎಷ್ಟೋ ದೊಡ್ಡ ಪ್ರಾಣಿಗಳು ನಿರ್ನಾಮವಾದವು. ನಮ್ಮ ನೆಲ ತನ್ನ ಜೀವಿಗಳನ್ನು ನೋಹನ ನಾವೆಯಂತೆ ಕಾಪಾಡಿಕೊಂಡು ಬಂದಿದೆ. ಹಾಗೆ ಕಾಪಾಡಿಕೊಂಡ ಕಾಲದಲ್ಲಿ ಎಂಥ ದೊಡ್ಡ ವಿಪತ್ತು ಬಂದು ಹೋಗಿತ್ತು ಎಂಬುದು ತಿಳಿಯಬೇಕಾದರೆ ಜ್ವಾಲಾಪುರಂಗೆ ಹೋಗಬೇಕು.

ಆಕಾಶದಿಂದ ಬಿದ್ದ ಬೂದಿ

ಬಂಗನಪಲ್ಲಿಯಲ್ಲಿ ಊಟ ಮುಗಿಸಿ ಯಾಗಂಟಿಯ ರಸ್ತೆ ಹಿಡಿದೆವು. ಎರಡೂ ಕಡೆ ಚಪ್ಪಟೆ ನೆತ್ತಿಯ ಬೆಟ್ಟ, ನಡುವೆ ಹೊಲ. ತೆಲುಗಿನಲ್ಲಿ ಏರು ಎಂದರೆ ಹೊಳೆ. ಜುರ್ರೇರಿನಲ್ಲಿ ಆ ದಿನ ನೀರು ಕಡಿಮೆ. ಜ್ವಾಲಾಪುರಂ ಎಂಬ ಹೆಸರಿನಲ್ಲಿ ಜ್ವಾಲೆಯಿದೆ, ಆದರೆ ಸುತ್ತಮುತ್ತ ಎಲ್ಲಿಯೂ ಬೆಂಕಿಯ ಪರ್ವತವಿಲ್ಲ. ಹೀಗಿದ್ದರೂ ಹೊಲದ ಅಂಚಿನಲ್ಲಿ ಮಣ್ಣು ಕೊಯ್ದ ಕಡೆ, ಕೆಂಪು ಮಣ್ಣಿನ ನಡುವೆ ಹಿಟ್ಟಿನಂಥ ಬೆಳ್ಳನೆಯ ದಪ್ಪ ಪಟ್ಟೆ. ಅದೇ ಬೂದಿ.

ಬೂದಿ ಎಂದರೆ ನಮ್ಮ ಕಡೆಯವರಿಗೆ ಕುಡುತಿನಿಯ ಬೂದಿದಿಬ್ಬ ನೆನಪಾಗಬಹುದು. ಅದೇ ಬೇರೆ, ಇದೇ ಬೇರೆ. ಅದು ನಾಲ್ಕೈದು ಸಾವಿರ ವರ್ಷಗಳ ಹಿಂದೆ ದನ ಸಾಕುತ್ತಿದ್ದ ಜನ ಸಗಣಿಯ ರಾಶಿಯನ್ನು ಸುಟ್ಟದ್ದರಿಂದ ಆದದ್ದು. ಜ್ವಾಲಾಪುರಂನ ಬೂದಿಯನ್ನು ಯಾವ ಮನುಷ್ಯನೂ ಸುಟ್ಟದ್ದಲ್ಲ. ಅದು ಸುಮಾರು 2,600 ಕಿ.ಮೀ. ದೂರದಿಂದ, ಸಮುದ್ರ ದಾಟಿ, ಗಾಳಿಯಲ್ಲಿ ಬಂದದ್ದು.

ಇಂಡೋನೇಷ್ಯದ ಸುಮಾತ್ರ ದ್ವೀಪದ ಉತ್ತರ ಭಾಗದಲ್ಲಿ ತೋಬಾ ಎಂಬ ಸರೋವರವಿದೆ. ಉದ್ದ ಸುಮಾರು 100 ಕಿ.ಮೀ., ಅಗಲ ಸುಮಾರು 30 ಕಿ.ಮೀ. ಇಂದು ಅದರ ದಡದಲ್ಲಿ ಬಾತಕ್ ಜನರ ಊರುಗಳಿವೆ. ಅವರಲ್ಲಿ ಬಹುಮಂದಿ ಕ್ರೈಸ್ತರು. ಮೆದಾನ್ ಮಹಾಧರ್ಮಪ್ರಾಂತ್ಯಕ್ಕೆ ಸೇರಿದ ನಮ್ಮ ಕಥೋಲಿಕ ಬಂಧುಗಳೂ ಅಲ್ಲಿ ಸಾಕಷ್ಟಿದ್ದಾರೆ. ಆ ಸರೋವರ ನಿಂತಿರುವುದು ಒಂದು ಜ್ವಾಲಾಮುಖಿಯ ಕುಸಿದ ಬಾಯಿಯಲ್ಲಿ. ಸುಮಾರು 74,000 ವರ್ಷಗಳ ಹಿಂದೆ ಅದು ಸಿಡಿಯಿತು. ಕಳೆದ ಇಪ್ಪತ್ತು ಲಕ್ಷ ವರ್ಷಗಳಲ್ಲಿ ಭೂಮಿ ಕಂಡ ಅತಿ ದೊಡ್ಡ ಸ್ಫೋಟ ಅದೇ ಎನ್ನುತ್ತಾರೆ. ಹೊರಗೆ ಬಂದ ಶಿಲಾಪಾಕದ ಲೆಕ್ಕ ಸುಮಾರು 2,800 ಘನ ಕಿಲೋಮೀಟರು. ಹೋಲಿಕೆಗೆ ಒಂದು ಮಾತು: 1815ರಲ್ಲಿ ಅದೇ ಇಂಡೋನೇಷ್ಯದ ತಂಬೋರ ಪರ್ವತ ಸಿಡಿದಾಗ, ಮರುವರ್ಷ ಯೂರೋಪಿನಲ್ಲಿ ಬೇಸಿಗೆಯೇ ಬರದೆ ಬೆಳೆ ಹಾಳಾಗಿ ಜನ ಹಸಿದರು. ತೋಬಾ ಅದಕ್ಕಿಂತ ಹತ್ತಾರು ಪಟ್ಟು ದೊಡ್ಡದು.

ಆ ಬೂದಿ ಹಿಂದೂ ಮಹಾಸಾಗರದ ಮೇಲೂ ನಮ್ಮ ದೇಶದ ಮೇಲೂ ಹಿಟ್ಟು ಜರಡಿ ಹಿಡಿದಂತೆ ಸುರಿಯಿತು. ಜುರ್ರೇರು ಕಣಿವೆಯಲ್ಲಿ ನೇರವಾಗಿ ಬಿದ್ದದ್ದು ಕೆಲವೇ ಬೆರಳಿನಷ್ಟು ದಪ್ಪ. ಆಮೇಲೆ ಮಳೆ ಬಂದಾಗ ಸುತ್ತಲಿನ ಗುಡ್ಡಗಳ ಮೇಲಿನದೆಲ್ಲ ತೊಳೆದು ಬಂದು ತಗ್ಗಿನಲ್ಲಿ ನಿಂತಿತು. ಹೀಗೆ ಕೆಲವು ಕಡೆ ಆಳೆತ್ತರಕ್ಕಿಂತ ಹೆಚ್ಚು, ಎರಡು ಎರಡೂವರೆ ಮೀಟರು ದಪ್ಪದ ಪದರವಾಯಿತು. ಈ ಬೂದಿ ತೋಬಾದ್ದೇ ಎಂದು ಹೇಗೆ ಗೊತ್ತು? ಜ್ವಾಲಾಮುಖಿಯ ಬೂದಿ ನಿಜವಾಗಿ ಗಾಜಿನ ಚೂರು. ಸೂಕ್ಷ್ಮದರ್ಶಕದಲ್ಲಿ ಅದು ಒಡೆದ ಬಳೆಯ ಚೂರಿನಂತೆ ಕಾಣುತ್ತದೆ. ಒಂದೊಂದು ಜ್ವಾಲಾಮುಖಿಯ ಗಾಜಿನಲ್ಲಿಯೂ ರಾಸಾಯನಿಕ ಅಂಶಗಳ ಪ್ರಮಾಣ ಬೇರೆ ಬೇರೆ. ನಮ್ಮ ಹೆಬ್ಬೆರಳಿನ ಗುರುತಿನ ಹಾಗೆ ಅದು ಮೂಲವನ್ನು ಹೇಳಿಬಿಡುತ್ತದೆ.

ಬೂದಿಯ ಕೆಳಗೆ, ಬೂದಿಯ ಮೇಲೆ

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ರವಿ ಕೋರಿಶೆಟ್ಟರ್ ಮತ್ತು ಆಗ ಕೇಂಬ್ರಿಡ್ಜ್‌ನಲ್ಲಿದ್ದ ಮೈಕಲ್ ಪೆಟ್ರಾಲಿಯ ಇವರ ತಂಡ ಜ್ವಾಲಾಪುರಂನಲ್ಲಿ ಗುಂಡಿ ತೋಡಿ ಹುಡುಕಿತು. ಬೂದಿಯ ಪದರದ ಕೆಳಗಿನ ಮಣ್ಣಿನಲ್ಲಿ ಅವರಿಗೆ ಮನುಷ್ಯರು ಚಕ್ಕೆಯೆಬ್ಬಿಸಿ ಮಾಡಿದ ಕಲ್ಲಿನ ಉಪಕರಣಗಳು ಸಿಕ್ಕವು. ಕೆರೆಯಲು, ಕೊಯ್ಯಲು, ಚುಚ್ಚಲು ಬಳಸುವಂಥವು. ಉಜ್ಜಿದ ಗೆರೆಗಳಿರುವ ಒಂದು ಕೆಮ್ಮಣ್ಣಿನ ತುಂಡೂ ಸಿಕ್ಕಿತು. ಬೂದಿಯ ಮೇಲಿನ ಮಣ್ಣಿನಲ್ಲಿಯೂ ಉಪಕರಣಗಳು ಸಿಕ್ಕವು, ಮತ್ತು ಅವು ಕೆಳಗಿನವುಗಳಿಗಿಂತ ಬಹಳ ಬೇರೆಯಾಗಿರಲಿಲ್ಲ. 2007ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇದು ಪ್ರಕಟವಾದಾಗ ಜ್ವಾಲಾಪುರಂ ಲೋಕಪ್ರಸಿದ್ಧವಾಯಿತು.

ಇದರಲ್ಲಿ ಅಂಥ ವಿಶೇಷವೇನು? ತೋಬಾ ಸಿಡಿದಾಗ ಸೂರ್ಯನ ಬೆಳಕು ಮಂಕಾಗಿ, ವರ್ಷಗಟ್ಟಲೆ ಚಳಿ ಕವಿದು, ಮನುಷ್ಯಕುಲ ಕೆಲವೇ ಸಾವಿರಕ್ಕೆ ಇಳಿಯಿತು ಎಂಬ ವಾದವನ್ನು 1998ರಲ್ಲಿ ಸ್ಟ್ಯಾನ್ಲಿ ಆಂಬ್ರೋಸ್ ಎಂಬ ವಿದ್ವಾಂಸರು ಮುಂದಿಟ್ಟಿದ್ದರು. ಹಾಗೆ ಆಗಿದ್ದರೆ ಬೂದಿ ಇಷ್ಟು ದಪ್ಪ ಬಿದ್ದ ಕಣಿವೆಯಲ್ಲಿ ಜನ ಅಳಿದೇ ಹೋಗಬೇಕಿತ್ತು. ಆದರೆ ಬೂದಿಯ ಮೇಲೆಯೂ ಅದೇ ಕೈಗಳ ಕೆಲಸದಂಥ ಕೆಲಸ ಕಾಣುತ್ತದೆ. ಎಲ್ಲರೂ ಇದನ್ನು ಒಪ್ಪಿದ್ದಾರೆಂದಲ್ಲ. ಬಂಗಾಳ ಕೊಲ್ಲಿಯ ತಳದ ಕೆಸರಿನಲ್ಲಿದ್ದ ಹೂಪರಾಗವನ್ನು ನೋಡಿದವರು, ಸ್ಫೋಟದ ನಂತರ ಭಾರತದಲ್ಲಿ ಕಾಡು ಕಡಿಮೆಯಾಗಿ ಹುಲ್ಲುಗಾವಲು ಹೆಚ್ಚಿತೆಂದು 2009ರಲ್ಲಿ ವಾದಿಸಿದರು. ಕಷ್ಟ ಬಂದದ್ದು ನಿಜವೇ ಇರಬೇಕು. ಜನ ಅದನ್ನು ದಾಟಿದರು ಎಂಬುದಕ್ಕೆ ಮಾತ್ರ ಸಾಕ್ಷ್ಯಗಳು ಬೆಳೆಯುತ್ತಲೇ ಇವೆ. ದಕ್ಷಿಣ ಆಫ್ರಿಕದ ಪಿನಾಕಲ್ ಪಾಯಿಂಟ್‌ನಲ್ಲಿ ತೋಬಾದ ಗಾಜಿನ ಕಣದ ಕೆಳಗೂ ಮೇಲೂ ಜನ ನೆಮ್ಮದಿಯಾಗಿ ಬಾಳಿದ ಕುರುಹನ್ನು 2018ರಲ್ಲಿ ತೋರಿಸಿದರು. ಮಧ್ಯಪ್ರದೇಶದ ಸೋನ್ ಕಣಿವೆಯ ಢಾಬಾ ಎಂಬಲ್ಲಿ ಕಲ್ಲಿನ ಕೆಲಸ ಮುರಿಯದೆ ಮುಂದುವರಿದದ್ದು 2020ರಲ್ಲಿ ಪ್ರಕಟವಾಯಿತು. ಇಥಿಯೋಪಿಯದ ಒಂದು ನೆಲೆಯ ಕಥೆ 2024ರಲ್ಲಿ ಬಂತು. ಅಲ್ಲಿ ಬರ ಹೆಚ್ಚಿ ಹೊಳೆ ಬತ್ತಿದಾಗ, ನಿಂತ ಮಡುಗಳಲ್ಲಿ ಸಿಕ್ಕಿಬಿದ್ದ ಮೀನನ್ನು ಹಿಡಿದು ತಿಂದು ಜನ ಬದುಕಿದರು.

ಜ್ವಾಲಾಪುರಂನ ಉಪಕರಣ ಮಾಡಿದವರು ಯಾರು? ಆ ಕಾಲದ ಮನುಷ್ಯರ ಎಲುಬು ಅಲ್ಲಿ ಸಿಕ್ಕಿಲ್ಲ. ಆಫ್ರಿಕದಿಂದ ಬಂದ ನಮ್ಮಂಥ ಮನುಷ್ಯರೇ ಎಂದು ತಂಡದವರು ಹೇಳಿದರೆ, ಅದಕ್ಕೂ ಹಿಂದಿನ ಬೇರೊಂದು ಮಾನವ ಕುಲದವರಿರಬಹುದೆಂದು ಇತರರು ಹೇಳುತ್ತಾರೆ. ಇಂದು ಆಫ್ರಿಕದ ಹೊರಗಿರುವ ಜನರೆಲ್ಲರ ವಂಶ ಬಹುಮಟ್ಟಿಗೆ ಐವತ್ತು ಅರವತ್ತು ಸಾವಿರ ವರ್ಷಗಳ ಹಿಂದೆ ಹೊರಟವರದು ಎಂದು ತಳಿವಿಜ್ಞಾನ ಹೇಳುತ್ತದೆ. ಆದ್ದರಿಂದ ಬೂದಿ ಬಿದ್ದ ದಿನ ಆ ಕಣಿವೆಯಲ್ಲಿದ್ದವರು ನಮ್ಮ ಅಜ್ಜನ ಅಜ್ಜಂದಿರು ಎಂದು ಹೇಳಿಬಿಡಲಾಗದು. ಆದರೂ ಅವರು ಬೂದಿ ಸುರಿದ ಮೇಲೆ ಮತ್ತೆ ಕಲ್ಲು ಕೈಗೆತ್ತಿಕೊಂಡವರು, ಮಕ್ಕಳಿಗೆ ಅನ್ನ ಹುಡುಕಿದವರು. ನೆರೆಹೊರೆಯವರು ಎನ್ನಲು ಅಷ್ಟು ಸಾಕು.

ಅದೇ ಕಣಿವೆಯ ಒಂದು ಬಂಡೆಯ ಆಸರೆಯಲ್ಲಿ ಇನ್ನೂ ಈಚಿನ ನೆಲೆಯಿದೆ. ಸುಮಾರು 35,000 ವರ್ಷಗಳ ಹಿಂದಿನಿಂದ ಅಲ್ಲಿ ಉಗುರಿನಷ್ಟು ಸಣ್ಣ ಕಲ್ಲಿನ ಅಲಗುಗಳನ್ನು ಮಾಡುತ್ತಿದ್ದರು. ಮಣಿಗಳೂ, ಮನುಷ್ಯರ ತಲೆಬುರುಡೆಯ ಚೂರುಗಳೂ ಸಿಕ್ಕಿವೆ. ಹೊಟ್ಟೆಪಾಡಿನ ನಡುವೆಯೂ ಕೊರಳಿಗೆ ಮಣಿ ಕಟ್ಟಿಕೊಂಡವರು! ನಮ್ಮೊಂದಿಗಿದ್ದ ಹೆಣ್ಣುಮಕ್ಕಳಿಗೆ ಎಲ್ಲಕ್ಕಿಂತ ಹಿಡಿಸಿದ ಸುದ್ದಿ ಇದೇ.

ಹುಡುಗಿಯ ಪ್ರಶ್ನೆ

ಬೂದಿಯ ಪಟ್ಟೆಯ ಮುಂದೆ ನಿಂತಿದ್ದಾಗ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಕೇಳಿಬಿಟ್ಟಳು: "ಫಾದರ್, ಶಾಲೆಯಲ್ಲಿ ಆದಿಮಾನವ ಅಂತಾರೆ, ಜ್ಞಾನೋಪದೇಶದಲ್ಲಿ ಆದಾಮ ಅಂತೀರಿ. ಎಪ್ಪತ್ನಾಲ್ಕು ಸಾವಿರ ವರ್ಷ ಅಂದರೆ ಬೈಬಲ್ಲಿನ ಲೆಕ್ಕಕ್ಕೆ ಬರೋದಿಲ್ಲವಲ್ಲ. ಯಾವುದು ನಿಜ?"

ತಾಯಿ ಅವಳ ಕೈ ಹಿಡಿದು ಎಳೆದರು. ಗುರುಗಳು ಮಾತ್ರ, "ಕೇಳಲಿ ಬಿಡಮ್ಮ, ಇಲ್ಲಿ ಕೇಳದಿದ್ದರೆ ಇನ್ನೆಲ್ಲಿ ಕೇಳುತ್ತಾಳೆ" ಎಂದು ಬದುವಿನ ಮೇಲೆ ಕುಳಿತರು. ಅವರು ಹೇಳಿದ್ದರ ಸಾರ ಇಷ್ಟು.

ಸೃಷ್ಟಿಯಾಗಿ ಆರು ಸಾವಿರ ವರ್ಷವಾಯಿತು ಎಂಬ ಲೆಕ್ಕವನ್ನು ಬೈಬಲ್ಲು ಎಲ್ಲಿಯೂ ಬರೆದಿಲ್ಲ. ವಂಶಾವಳಿಗಳನ್ನು ಕೂಡಿಸಿ ಕ್ರಿ.ಪೂ. 4004 ಎಂಬ ವರ್ಷವನ್ನು ಲೆಕ್ಕ ಹಾಕಿದವರು ಐರ್ಲೆಂಡಿನ ಆಂಗ್ಲಿಕನ್ ಮಹಾಧರ್ಮಾಧ್ಯಕ್ಷ ಜೇಮ್ಸ್ ಅಷರ್, 1650ರಲ್ಲಿ. ಇಂಗ್ಲಿಷ್ ಬೈಬಲ್ಲುಗಳ ಅಂಚಿನಲ್ಲಿ ಅದನ್ನು ಅಚ್ಚು ಹಾಕುತ್ತ ಬಂದದ್ದರಿಂದ ಜನ ಅದನ್ನು ದೇವರ ವಾಕ್ಯವೇ ಎಂದುಕೊಂಡರು. ಪವಿತ್ರ ಗ್ರಂಥದಲ್ಲಿ ಕಾವ್ಯವಿದೆ, ಚರಿತ್ರೆಯಿದೆ, ಸಾಮತಿಯಿದೆ. ಒಂದೊಂದನ್ನೂ ಅದರ ಬಗೆಯರಿತು ಓದಬೇಕು ಎಂದು 1965ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಕಲಿಸಿತು. ಆದಿಕಾಂಡದ ಮೊದಲ ಅಧ್ಯಾಯಗಳು ಭೂವಿಜ್ಞಾನದ ಪಾಠವಲ್ಲ. ಎಲ್ಲವೂ ದೇವರಿಂದ ಬಂದದ್ದು, ಅದು ಒಳ್ಳೆಯದು, ಮನುಷ್ಯ ದೇವರ ಹೋಲಿಕೆಯಲ್ಲಿ ಉಂಟಾದವನು, ಅವನೇ ದೇವರಿಂದ ದೂರ ಸರಿದವನು - ಇವು ಅಲ್ಲಿನ ಸತ್ಯಗಳು.

ಮನುಷ್ಯನ ದೇಹ ಮೊದಲೇ ಇದ್ದ ಜೀವಿಗಳಿಂದ ಬಂದಿರಬಹುದೇ ಎಂದು ವಿದ್ವಾಂಸರು ಚರ್ಚಿಸುವುದಕ್ಕೆ ಅಡ್ಡಿಯಿಲ್ಲವೆಂದೂ, ಆತ್ಮವನ್ನು ಮಾತ್ರ ದೇವರು ನೇರವಾಗಿ ಸೃಷ್ಟಿಸುತ್ತಾರೆಂದೂ 1950ರಲ್ಲಿ ಜಗದ್ಗುರು ಹನ್ನೆರಡನೇ ಪಿಯುಸ್ ತಿಳಿಸಿದರು. ಜೀವವಿಕಾಸದ ವಾದ ಈಗ ಬರಿಯ ಊಹೆಯಲ್ಲ ಎಂದು 1996ರಲ್ಲಿ ಜಗದ್ಗುರು ಎರಡನೇ ಜಾನ್ ಪಾಲ್ ಪೊಂತಿಫಿಕಲ್ ವಿಜ್ಞಾನ ಅಕಾಡೆಮಿಗೆ ಬರೆದರು. ಅಷ್ಟೇ ಅಲ್ಲ, ಆದಿಮಾನವನ ಶೋಧನೆಯಲ್ಲಿ ನಮ್ಮ ಗುರುಗಳೇ ಮುಂದೆ ನಿಂತದ್ದುಂಟು. ಗವಿಚಿತ್ರಗಳ ಅಧ್ಯಯನಕ್ಕೆ ಬಾಳನ್ನೇ ಕೊಟ್ಟ ಹೆನ್ರಿ ಬ್ರೂಯ್ ಫ್ರಾನ್ಸಿನ ಕಥೋಲಿಕ ಗುರು. ಚೀನದಲ್ಲಿ ಪೀಕಿಂಗ್ ಮಾನವನ ನೆಲೆಯಲ್ಲಿ ದುಡಿದವರಲ್ಲಿ ಯೇಸುಸಭೆಯ ತೇಯಾರ್ ದ ಶಾರ್ದಾನ್ ಒಬ್ಬರು. ಫ್ರಾನ್ಸಿನ ಲಾ ಶಾಪೆಲ್-ಓ-ಸೇಂತ್ ಎಂಬ ಹಳ್ಳಿಯಲ್ಲಿ 1908ರಲ್ಲಿ ಹಲ್ಲು ಉದುರಿ ಕೀಲು ಸವೆದಿದ್ದ ಒಬ್ಬ ನಿಯಾಂಡರ್ತಾಲ್ ಮುದುಕನ ಎಲುಬುಗೂಡನ್ನು ಹೊರತೆಗೆದವರು ಬೂಯಿಸೋನಿ ಸೋದರರು. ಅವರಲ್ಲಿ ಇಬ್ಬರು ಗುರುಗಳು. ಆ ಮುದುಕನನ್ನು ಅವನ ಬಳಗದವರು ಗುಂಡಿ ತೋಡಿ ಮಣ್ಣು ಮಾಡಿದ್ದರೆಂದು ಅವರು ಹೇಳಿದ್ದನ್ನು 2013ರಲ್ಲಿ ಪ್ರಕಟವಾದ ಮರುಪರೀಕ್ಷೆಯೂ ಸಮರ್ಥಿಸಿತು.

"ಕಲ್ಲು ಎಷ್ಟು ಹಳೆಯದು ಅಂತ ವಿಜ್ಞಾನ ಹೇಳಲಿ. ಆ ಕಲ್ಲು ಹಿಡಿದವನಿಗೆ ಬೆಲೆ ಎಲ್ಲಿಂದ ಬಂತು ಅಂತ ನಮ್ಮ ವಿಶ್ವಾಸ ಹೇಳುತ್ತದೆ. ಎರಡೂ ಮಾತು ಬೇಕಮ್ಮ" ಎಂದು ಗುರುಗಳು ಮುಗಿಸಿದರು. ಹುಡುಗಿ ಅಷ್ಟಕ್ಕೇ ಬಿಡಲಿಲ್ಲ. "ಹಾಗಾದರೆ ಬೂದಿ ಬಿದ್ದಾಗ ಅವರೂ ದೇವರಿಗೆ ಮೊರೆಯಿಟ್ಟರಾ?" ಎಂದಳು. ಗುರುಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊರೆಯಿಡುವುದು ಅವರಿಗೆ ಗೊತ್ತಿತ್ತೋ ಏನೋ. ದೇವರಿಗಂತೂ ಅವರು ಗೊತ್ತಿದ್ದರು" ಎಂದರು.

ನಮ್ಮ ಮಕ್ಕಳು ಇಂಥ ಪ್ರಶ್ನೆ ಕೇಳಿದಾಗ ಬಾಯಿ ಮುಚ್ಚಿಸುವುದು ಸುಲಭ. ಹಾಗೆ ಬಾಯಿ ಮುಚ್ಚಿದ ಮಕ್ಕಳು ದೊಡ್ಡವರಾದ ಮೇಲೆ, ವಿಶ್ವಾಸಕ್ಕೆ ಉತ್ತರವೇ ಇಲ್ಲವೆಂದುಕೊಂಡು ದೇವಾಲಯದ ಬಾಗಿಲಿನಿಂದ ದೂರವಾಗುವುದನ್ನು ನಾವು ನೋಡುತ್ತಿದ್ದೇವೆ. ಉತ್ತರ ಇದೆ. ನಾವು ದೊಡ್ಡವರು ಓದಿ ತಿಳಿದುಕೊಳ್ಳಬೇಕು, ಅಷ್ಟೆ.

ಪಾತ್ರೆ ತೊಳೆಯುವ ಪುಡಿ

ನಾವು ಮಾತಾಡುತ್ತಿದ್ದಾಗ ಹೊಲದ ಕಡೆಯಿಂದ ಬಂದ ಒಬ್ಬ ಹಿರಿಯರು, ಇಷ್ಟು ಜನ ಮಣ್ಣನ್ನೇಕೆ ನೋಡುತ್ತಿದ್ದೀರೆಂದು ತೆಲುಗಿನಲ್ಲಿ ವಿಚಾರಿಸಿದರು. "ಇದು ಪಾತ್ರೆ ತೊಳೆಯುವ ಪುಡಿಗೆ ಹೋಗುತ್ತಿದ್ದ ಮಣ್ಣಲ್ಲವೇ" ಎಂದರು. ಅವರು ಹೇಳಿದ್ದು ನಿಜ. ಗಾಜಿನ ಚೂರಾದ್ದರಿಂದ ಈ ಬೂದಿ ಜಿಡ್ಡನ್ನೂ ಕರೆಯನ್ನೂ ಚೆನ್ನಾಗಿ ಉಜ್ಜಿ ತೆಗೆಯುತ್ತದೆ. ಆದ್ದರಿಂದ ಸ್ವಚ್ಛತೆಯ ಪುಡಿ ಮಾಡುವವರಿಗೆ ಅದು ಬೇಕು. ಹೀಗೆ ಈ ಕಣಿವೆಯ ಬೂದಿಯನ್ನು ವರ್ಷಗಟ್ಟಲೆ ಗಣಿಯಂತೆ ತೋಡಿ ಸಾಗಿಸಿದ್ದಾರೆ.

ಒಂದು ಮಾತನ್ನು ಒಪ್ಪಬೇಕು. ಹಾಗೆ ಮಣ್ಣು ಕೊಯ್ದದ್ದರಿಂದಲೇ ಬೂದಿಯ ಪದರ ಹೊರಗಿನವರ ಕಣ್ಣಿಗೆ ಬಿದ್ದದ್ದು. ಬಡ ಊರಿನವರು ಕೂಲಿ ಸಿಗುವ ಕೆಲಸವನ್ನು ಬಿಡಲಾರರು, ಅವರನ್ನು ದೂರುವ ಹಕ್ಕೂ ನಮಗಿಲ್ಲ. ಆದರೆ ಬೂದಿಯನ್ನು ತೆಗೆದುಬಿಟ್ಟರೆ ಕೆಳಗಿನದು ಯಾವುದು, ಮೇಲಿನದು ಯಾವುದು ಎಂಬ ಗುರುತೇ ಹೋಗುತ್ತದೆ. ಕಲ್ಲಿನ ಉಪಕರಣ ಆಗಲೂ ಇರಬಹುದು. ಅದು ವಿಪತ್ತಿಗೆ ಮೊದಲಿನದೋ ನಂತರದ್ದೋ ಎಂದು ಹೇಳುವ ಸಾಕ್ಷಿ ಇರುವುದಿಲ್ಲ. 74,000 ವರ್ಷ ಮಳೆ, ಗಾಳಿ, ನೇಗಿಲು ಎಲ್ಲವನ್ನೂ ತಾಳಿಕೊಂಡ ಪುಟ, ನಮ್ಮ ಒಂದು ತಲೆಮಾರಿನಲ್ಲಿ ಲಾರಿ ಹತ್ತಿ ಹೋಗಬಾರದು. ಕೆಲವು ಗುಂಡಿಗಳ ಸುತ್ತಲಾದರೂ ಬೇಲಿ ಹಾಕಿ, ಊರಿನವರನ್ನೇ ಕಾವಲಿಗೂ ದಾರಿ ತೋರಿಸುವುದಕ್ಕೂ ನೇಮಿಸಿದರೆ ಹಳ್ಳಿಗೂ ಒಂದು ಆದಾಯ. ಬೇಲಂ ಗವಿಯನ್ನು 2002ರಲ್ಲಿ ಪ್ರವಾಸಿಗರಿಗೆ ತೆರೆದ ಮೇಲೆ ಸುತ್ತಲಿನವರಿಗೆ ಆದ ಅನುಕೂಲ ನಮ್ಮ ಕಣ್ಣ ಮುಂದಿದೆ.

ಹೋಗುವವರಿಗೆ

ಬೇತಂಚೆರ್ಲ, ಬಂಗನಪಲ್ಲಿ ಎರಡೂ 2022ರಲ್ಲಿ ಹೊಸದಾಗಿ ಆದ ನಂದ್ಯಾಲ ಜಿಲ್ಲೆಗೆ ಸೇರಿವೆ. ಚಳಿಗಾಲವೇ ಒಳ್ಳೆಯ ಸಮಯ. ಬೇಸಿಗೆಯಲ್ಲಿ ಸುಣ್ಣಕಲ್ಲಿನ ಬಂಡೆ ಕಾದ ಹಂಚಿನಂತಿರುತ್ತದೆ. ನೀರು, ಬುತ್ತಿ, ಟಾರ್ಚು, ಗಟ್ಟಿ ಚಪ್ಪಲಿ ಅಥವಾ ಬೂಟು ಬೇಕು. ಬಿಲ್ಲಸುರ್ಗಂ ಗವಿಗೆ ಹಳ್ಳಿಯವರೊಬ್ಬರನ್ನು ಜೊತೆಗೆ ಕರೆದುಕೊಂಡೇ ಹೋಗಿರಿ. ಮಕ್ಕಳನ್ನು ಕೊರಕಲಿನ ಅಂಚಿಗೆ ಬಿಡಬೇಡಿ. ಹೊಲದಲ್ಲಿ ಕಾಲಿಡುವ ಮೊದಲು ಹೊಲದವರನ್ನು ಕೇಳಿರಿ. ಕಲ್ಲಿನ ಚಕ್ಕೆ ಕಂಡರೆ ನೋಡಿ, ಫೋಟೋ ತೆಗೆದು, ಇದ್ದಲ್ಲಿಯೇ ಇಡಿ, ಜೇಬಿಗೆ ಹಾಕಿಕೊಳ್ಳಬೇಡಿ. ಅಷ್ಟು ದೂರ ಹೋಗಲಾಗದವರು ಬಳ್ಳಾರಿಗಾದರೂ ಹೋಗಬಹುದು. ಅಲ್ಲಿ ರಾಬರ್ಟ್ ಬ್ರೂಸ್ ಫುಟ್ ಹೆಸರಿನ ಸಂಗನಕಲ್ಲು ಪುರಾತತ್ವ ವಸ್ತು ಸಂಗ್ರಹಾಲಯವಿದೆ. ಅದನ್ನು ಕಟ್ಟಿ ಬೆಳೆಸುವಲ್ಲಿ ದುಡಿದವರು ಜ್ವಾಲಾಪುರಂನ ಅದೇ ಕೋರಿಶೆಟ್ಟರ್ ಅವರು. ಜ್ಞಾನೋಪದೇಶ ತರಗತಿಯ ಮಕ್ಕಳನ್ನು ಒಂದು ಶನಿವಾರ ಅಲ್ಲಿಗೆ ಕರೆದೊಯ್ದರೆ ವರ್ಷದ ಪಾಠ ಒಂದು ದಿನದಲ್ಲಾಗುತ್ತದೆ.

ತಪಸ್ಸು ಕಾಲದ ಆರಂಭದಲ್ಲಿ, ಹಿಂದಿನ ವರ್ಷದ ಗರಿಗಳ ಭಾನುವಾರದ ಗರಿಗಳನ್ನು ಸುಟ್ಟ ಬೂದಿಯನ್ನು ಗುರುಗಳು ನಮ್ಮ ಹಣೆಗೆ ಹಚ್ಚುತ್ತಾರೆ. ನಾವು ಮಣ್ಣಿನಿಂದ ಬಂದವರು, ಮಣ್ಣಿಗೇ ಹೋಗುವವರು ಎಂದು ಅದು ನೆನಪಿಸುತ್ತದೆ. ಈ ವರ್ಷ ಆ ಬೂದಿಯನ್ನು ಹಚ್ಚಿಸಿಕೊಳ್ಳುವಾಗ ನಮ್ಮ ಗುಂಪಿನವರಲ್ಲಿ ಅನೇಕರಿಗೆ ಜುರ್ರೇರು ಕಣಿವೆಯ ಬಿಳಿ ಪಟ್ಟೆ ನೆನಪಾಗಬಹುದು. ಆ ಬೂದಿಯ ಕೆಳಗೂ ಮನುಷ್ಯರ ಕೈಕೆಲಸವಿತ್ತು, ಮೇಲೂ ಇತ್ತು. ಲೋಕವೇ ಮುಗಿಯಿತೆನಿಸಿದ ದಿನದ ಮರುದಿನವೂ ದೇವರು ಮನುಷ್ಯನಿಗೆ ಬೆಳಗನ್ನು ಕೊಟ್ಟರು. ಬರ, ಸಾಲ, ಕಾಯಿಲೆ ಎಂದು ಕುಗ್ಗಿರುವ ನಮ್ಮ ಕುಟುಂಬಗಳಿಗೆ ಇದೂ ಒಂದು ಧೈರ್ಯದ ಮಾತು.